ಎಂಟನೆಯ ಬಾಗಿಲು

ನಮ್ಮಣ್ಣ ಮೂರೂವರೆ ವರ್ಷ ಕೂತು ಒಂದು ಕಂಪ್ಯೂಟರ್ ಆಟ ಮಾಡಿದ. ಅದರಲ್ಲಿ ಒಟ್ಟು ಏಳು ಬಾಗಿಲು. ಏಳೂ ಮೊದಲ ಎಂಟು ತಿಂಗಳಲ್ಲೇ ಆಗಿಹೋಗಿದ್ದವು. ಉಳಿದ ಕಾಲವನ್ನೆಲ್ಲ ಅವನು ಒಂದನೆಯ ಬಾಗಿಲನ್ನೇ ಮತ್ತೆ ಮತ್ತೆ ಮಾಡುತ್ತ ಕಳೆದ. ಹಾಗೆ ಕಳೆಯುವಂತೆ ಮಾಡಿದವರಲ್ಲಿ ನಾನೂ ಒಬ್ಬಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಒಳ್ಳೆಯವಳು ಅಂದುಕೊಳ್ಳುವುದು ಬೇಡ.

ಅಣ್ಣ ಅಂದರೆ ನನ್ನ ದೊಡ್ಡಪ್ಪನ ಮಗ. ಕೀಲಿ ಮಾಡುವವನು. ರಸ್ತೆಯ ಈ ಕಡೆ ನನ್ನ ಜೆರಾಕ್ಸ್ ಅಂಗಡಿ, ಆ ಕಡೆ ಅವರ ಬೀಗದ ಅಂಗಡಿ. ಅಂಗಡಿ ಅನ್ನುವುದು ಮರ್ಯಾದೆಗೆ. ಎರಡು ಕಟ್ಟಡಗಳ ನಡುವಿನ ಸಂದಿಗೆ ಮೇಲೊಂದು ತಗಡು, ಮುಂದೊಂದು ಶಟರು, ಅಷ್ಟೇ. ಒಳಗೆ ಗೋಡೆ ತುಂಬ ಮೊಳೆ, ಮೊಳೆ ತುಂಬ ಇನ್ನೂ ಹಲ್ಲು ಕೊರೆಯದ ಖಾಲಿ ಕೀಲಿ. ಕೀಲಿ ಕೊರೆಯುವ ಯಂತ್ರ ಶುರುವಾಯಿತೆಂದರೆ ನನ್ನ ಅಂಗಡಿಗೆ ಬಂದ ಗಿರಾಕಿ ಬರೀ ಬಾಯಿ ಆಡಿಸುವುದು ಕಾಣುತ್ತದೆ, ಮಾತು ಕೇಳುವುದಿಲ್ಲ.

ದೊಡ್ಡಪ್ಪನನ್ನು ಬೀದಿಯವರೆಲ್ಲ ಕಿವಿ ಮೇಸ್ತ್ರಿ ಅನ್ನುತ್ತಿದ್ದರು. ಕೀಲಿ ಕಳೆದುಕೊಂಡವರು ಕರೆದುಕೊಂಡು ಹೋದರೆ ದೊಡ್ಡಪ್ಪ ಬಾಗಿಲ ಮುಂದೆ ಮಂಡಿಯೂರಿ, ಬೀಗಕ್ಕೆ ಕಿವಿ ಹಚ್ಚಿ, ಕಣ್ಣು ಮುಚ್ಚಿ, ತುದಿ ಬಾಗಿಸಿದ ತಂತಿಯೊಂದನ್ನು ಒಳಗೆ ಬಿಡುತ್ತಿದ್ದರು. ಬೀಗದ ಹೊಟ್ಟೆಯಲ್ಲಿ ಐದು ಸಣ್ಣ ಪಿನ್ನು. ಒಂದೊಂದನ್ನೂ ಸರಿಯಾದ ಎತ್ತರಕ್ಕೆ ಎತ್ತಿದಾಗ ಟಿಕ್ ಅನ್ನುತ್ತದಂತೆ. ನಮಗೆ ಕೇಳುವುದಿಲ್ಲ, ಅವರಿಗೆ ಕೇಳುತ್ತದೆ. ಮನೆಯವರು ಪಕ್ಕದಲ್ಲಿ ನಿಂತು ಗೊಣಗಿದರೆ, "ಬೀಗ ಮಾತಾಡ್ತಿದೆ, ನೀವು ಸ್ವಲ್ಪ ಸುಮ್ಮನಿರಿ" ಅನ್ನುತ್ತಿದ್ದರು.

ಆ ಅಂಗಡಿಯಲ್ಲಿ ಒಂದು ಕಟ್ಟಳೆ ಇತ್ತು. ಯಂತ್ರದ ಮೇಲಿನ ಮೊಳೆ ದೊಡ್ಡಪ್ಪನದು. ಅದಕ್ಕೆ ನೇತುಹಾಕಿದ್ದನ್ನು ಬೇರೆ ಯಾರೂ ಮುಟ್ಟಬಾರದು. ತಂತಿಯ ಕಟ್ಟು, ಸಣ್ಣ ಅರ, ಕನ್ನಡಕ, ಏನೇ ಇರಲಿ. ಮೇಸ್ತ್ರಿಯ ಹತಾರ ಇನ್ನೊಬ್ಬರ ಕೈಗೆ ಹೋದರೆ ಅದರ ಹದ ಕೆಡುತ್ತದೆ ಅನ್ನುವುದು ಅವರ ನಂಬಿಕೆ. ಅಣ್ಣನಿಗೆ ಮೂವತ್ತಾರು ವರ್ಷ ಆಗಿತ್ತು, ಮದುವೆಯಾಗಿತ್ತು, ಮೀಸೆಯಲ್ಲಿ ಎರಡು ಬಿಳಿ ಕೂದಲು ಬಂದಿದ್ದವು, ಆದರೂ ಆ ಮೊಳೆಯ ಕಡೆ ಕೈ ಚಾಚುತ್ತಿರಲಿಲ್ಲ. ಇನ್ನೊಂದು ಕಟ್ಟಳೆಯೂ ಇತ್ತು: ತಪ್ಪಿದ ಕೀಲಿ ಗಿರಾಕಿಯ ಕೈಗೆ ಹೋಗಕೂಡದು. ಕೂದಲೆಳೆ ವ್ಯತ್ಯಾಸವಿದ್ದರೂ ಡಬ್ಬಿಗೆ ಎಸೆದು ಹೊಸದು ಕೊರೆಯಬೇಕು. ಈ ಎರಡೂ ಕಟ್ಟಳೆ ಸೇರಿಯೇ ನಮ್ಮನ್ನು ಮುಳುಗಿಸಿದವು.

ದೊಡ್ಡಪ್ಪನ ಕೈ ನಡುಗಲು ಶುರುವಾದಾಗ ಅವರು ಅದನ್ನು ಜೇಬಿನಲ್ಲಿ ಬಚ್ಚಿಟ್ಟುಕೊಂಡರು. ಒಂದು ದಿನ ಗಿರಾಕಿಯ ಬೀಗದೊಳಗೆ ತಂತಿ ಮುರಿದು ಸಿಕ್ಕಿಕೊಂಡಿತು. ಮಾರನೆಯ ದಿನ ತಂತಿಯ ಕಟ್ಟನ್ನು ಮೊಳೆಗೆ ಹಾಕಿ, ಸ್ಟೂಲಿನ ಮೇಲೆ ಕೂತುಬಿಟ್ಟರು. ಆಮೇಲೆ ಅದನ್ನು ತೆಗೆಯಲೇ ಇಲ್ಲ. ಡಾಕ್ಟರು ಅಣ್ಣನನ್ನು ಹೊರಗೆ ಕರೆದು ಹೇಳಿದ್ದು ಇಷ್ಟು: ಸೂಕ್ಷ್ಮದ ಕೆಲಸ ಇನ್ನು ಆಗದು, ದಪ್ಪ ಕೆಲಸಕ್ಕೆ ಇನ್ನೆರಡು ವರ್ಷ ಕೈ ಬಗ್ಗೀತು, ಆಮೇಲೆ ಬಿಗಿತ ಹೆಚ್ಚುತ್ತದೆ, ಮಾತೂ ನಿಧಾನವಾಗುತ್ತದೆ.

ಎರಡು ವರ್ಷ. ಅಣ್ಣ ಅದನ್ನು ತಲೆಯಲ್ಲಿಟ್ಟುಕೊಂಡು ನನ್ನ ಅಂಗಡಿಗೆ ಬಂದ.

"ಅಪ್ಪನ ಕೈ ಹೋಗ್ತಿದೆ ಕಣೇ. ಕಿವಿ ಹೋಗಿಲ್ಲ" ಅಂದ. "ಕಿವಿಯಿಂದ ಆಡೋ ಆಟ ಒಂದು ಮಾಡ್ತೀನಿ. ಒಂದೇ ಗುಂಡಿ ಸಾಕು. ಬೀಗ ತೆಗೀಲಿ ಅಪ್ಪ. ಕೈ ಆಡೋವಷ್ಟು ದಿನ ತೆಗೀಲಿ."

ಕಂಪ್ಯೂಟರನ್ನು ಅವನು ಕಲಿತದ್ದು ನನ್ನ ಅಂಗಡಿಯ ಹಳೆಯ ಡಬ್ಬದ ಮೇಲೆ. ಗಿರಾಕಿ ಇಲ್ಲದಾಗ ವಿಡಿಯೋ ನೋಡಿ ಏನೇನೋ ಚೆಂಡು ಹಾರಿಸುತ್ತಿದ್ದ. ಬಾಗಿಲು, ಕೋಣೆಗಳ ಚಿತ್ರ ನೀನೇ ಬರೆದುಕೊಡು ಅಂದ. ಮದುವೆ ಕಾಗದಕ್ಕೆ ಹೂಬಳ್ಳಿ ಬರೆದು ಬರೆದು ಬೇಸತ್ತಿದ್ದೆ, ಆಯಿತು ಅಂದೆ.

ಇಂಥ ಆಟಗಳನ್ನು ಬುಡದಿಂದ ಯಾರೂ ಕಟ್ಟುವುದಿಲ್ಲವಂತೆ. ಎಂಜಿನ್ ಅಂತ ಸಿಗುತ್ತದೆ. ಅದೇನು ಅಂತ ನಾನು ಕೇಳಿದ್ದಕ್ಕೆ ಅಣ್ಣ ತನ್ನ ಅಂಗಡಿಯ ಗೋಡೆಯಿಂದ ಒಂದು ಖಾಲಿ ಕೀಲಿ ತೆಗೆದು ತೋರಿಸಿದ. "ಇದು ಎಂಜಿನ್. ಹಿಡಿ, ಕಾಂಡ ಎಲ್ಲ ಅವರು ಮಾಡಿಕೊಟ್ಟಿರ್ತಾರೆ. ಹಲ್ಲು ನಾವು ಕೊರ್ಕೋಬೇಕು. ಆದ್ರೆ ಒಂದು ಜಾತಿ ಕೀಲಿಗೆ ಕೊರೆದಿದ್ದು ಇನ್ನೊಂದಕ್ಕೆ ಬರಲ್ಲ, ಮತ್ತೆ ಮೊದಲಿಂದ." ಅದಕ್ಕೇ ಮೊದಲೇ ನೋಡಿ ಆರಿಸಬೇಕು ಅಂದ. ಇಷ್ಟು ಚೆನ್ನಾಗಿ ಗೊತ್ತಿದ್ದವನೇ ಎರಡು ಸಲ ಬದಲಾಯಿಸಿದ.

ಮೊದಲು ಆರಿಸಿದ್ದು ಸಣ್ಣ ಎಂಜಿನ್ನು. ಬಣ್ಣಬಣ್ಣದ ತುಂಡುಗಳನ್ನು ಎಳೆದು ಜೋಡಿಸಿದರೆ ಸಾಕು, ಸಾಲು ಸಾಲು ಕೋಡ್ ಬರೆಯಬೇಕಾಗಿಲ್ಲ. ತಪ್ಪು ಮಾಡಿದರೂ ಸುಧಾರಿಸಿಕೊಂಡು ಹೋಗುತ್ತಿತ್ತು. ಅದಕ್ಕೆ ನಾವು ಅಜ್ಜಿ ಅಂತ ಹೆಸರಿಟ್ಟೆವು. ಬೆಳಗ್ಗೆ ಶಟರು ಎತ್ತುವ ಮೊದಲು ಎರಡು ಗಂಟೆ ಅಣ್ಣ ಅಜ್ಜಿಯ ಜೊತೆ ಕೂರುತ್ತಿದ್ದ. ನಿಜವಾದ ಬೀಗಗಳ ಸದ್ದನ್ನು ಫೋನಿನಲ್ಲಿ ಹಿಡಿದ. ಗುಂಡಿ ಒತ್ತಿದರೆ ತಂತಿ ಕೆರೆಯುತ್ತ ಪಿನ್ನನ್ನು ಎತ್ತುತ್ತದೆ, ಟಿಕ್ ಅಂದಾಗ ಕೈ ಬಿಡಬೇಕು, ತಡವಾದರೆ ಪಿನ್ನು ಜಾರುತ್ತದೆ. ಐದೂ ಕೂತರೆ ಬಾಗಿಲು ತೆರೆದು ಒಂದು ಕೋಣೆ ಕಾಣುತ್ತದೆ. ಒಂದರಲ್ಲಿ ಮಡಚದ ಹಾಸಿಗೆಯ ಮೇಲೆ ಬೆಕ್ಕು, ಒಂದರಲ್ಲಿ ಉಕ್ಕುತ್ತಿರುವ ಹಾಲು. ಏಳನೆಯ ಕೋಣೆಯ ಹಿಂದಿನ ಗೋಡೆ ಬೋಳಾಗಿ ಕಂಡಿತೆಂದು ಅಲ್ಲೊಂದು ಮುಚ್ಚಿದ ಬಾಗಿಲು ಬರೆದೆ. ಒಟ್ಟು ಹನ್ನೆರಡು ಮಾಡೋಣ ಅಂತ ಲೆಕ್ಕ, ಏಳಾದ ಮೇಲೆ ಒಮ್ಮೆ ದೊಡ್ಡಪ್ಪನಿಗೆ ತೋರಿಸೋಣ ಅಂತಾಯಿತು.

ಆ ದಿನಕ್ಕೆಂದು ನಾನು ಒಂದು ಹೆಡ್‌ಫೋನ್ ತಂದುಕೊಟ್ಟೆ. ತಂತಿಯಿಲ್ಲದ್ದು. ಅಂಗಡಿಯಲ್ಲಿ ಯಂತ್ರದ ಗದ್ದಲ, ರಸ್ತೆಯ ಗದ್ದಲ, ಸಣ್ಣ ಟಿಕ್ ಎಲ್ಲಿ ಕೇಳಬೇಕು? ತಂತಿ ಇದ್ದರೆ ನಡುಗುವ ಕೈಗೆ ತೊಡರುತ್ತದೆ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ದೊಡ್ಡಪ್ಪ ಅದನ್ನು ಕಿವಿಗೆ ಹಾಕಿಕೊಂಡು, ಅಣ್ಣನ ಲ್ಯಾಪ್‌ಟಾಪಿನ ಮುಂದೆ ಬಾಗಿ, ಕಣ್ಣು ಮುಚ್ಚಿದರು. ಸುಮ್ಮನಿದ್ದಾಗ ಕುಣಿಯುತ್ತಿದ್ದ ಬೆರಳು ಗುಂಡಿಯ ಮೇಲೆ ಕೂತ ಕೂಡಲೇ ತೆಪ್ಪಗಾಯಿತು. ಮೊದಲ ಪಿನ್ನು ಜಾರಿತು. ಎರಡನೆಯ ಸಲವೂ ಜಾರಿತು. ಹುಬ್ಬು ಗಂಟಿಕ್ಕಿ, "ಸದ್ದು ತಡ ಕಣೋ. ಕೈ ಮುಂದೆ ಹೋಗುತ್ತೆ, ಕಿವಿ ಹಿಂದೆ ಬರುತ್ತೆ" ಅಂದರು. ಆಮೇಲೆ ಅವರೇ ಏನೋ ಅಂದಾಜು ಕಟ್ಟಿಕೊಂಡು, ಟಿಕ್ ಅನ್ನುವ ಮೊದಲೇ ಬೆರಳು ಎತ್ತುತ್ತ, ಏಳೂ ಬಾಗಿಲು ತೆಗೆದರು. ಅರ್ಧ ಗಂಟೆ ಹಿಡಿಯಿತು. ಕಣ್ಣು ತೆರೆದು, ನಾನು ಬರೆದ ಆ ಹಿಂದಿನ ಬಾಗಿಲಿನ ಮೇಲೆ ಬೆರಳಿಟ್ಟು ಕೇಳಿದರು: "ಮುಂದಿನ ಬಾಗಿಲು ಎಲ್ಲಿ?"

ಆ ಪ್ರಶ್ನೆ ನಮ್ಮಿಬ್ಬರ ಕಿವಿಗೂ ಬಿತ್ತು, ತಲೆಗೆ ಹೋಗಲಿಲ್ಲ. ಅಣ್ಣನ ಮುಖ ಆಗಲೇ ಇಳಿದುಹೋಗಿತ್ತು. ತಡ ಅಂದರಲ್ಲ, ಅದೊಂದೇ ಅವನಿಗೆ ಕೇಳಿಸಿದ್ದು. ಹೆಡ್‌ಫೋನನ್ನು ದೊಡ್ಡಪ್ಪ ತಮ್ಮ ಮೊಳೆಗೆ ನೇತುಹಾಕಿದರು. ಅಲ್ಲಿಗೆ ಅದು ಮೇಸ್ತ್ರಿಯ ಹತಾರವಾಯಿತು.

ಸಂಜೆ ಅಣ್ಣ ಲ್ಯಾಪ್‌ಟಾಪನ್ನು ನನ್ನ ಮೇಜಿನ ಮೇಲಿಟ್ಟು, ಅದರದೇ ಸ್ಪೀಕರಿನಲ್ಲಿ ಇಪ್ಪತ್ತು ಸಲ ಕೇಳಿದ.

"ನನಗೆ ಸರಿಯಾಗೇ ಕೇಳ್ತಿದೆ" ಅಂದ.

"ನನಗೂ" ಅಂದೆ.

"ನಮಗೆ ಕೇಳಿದ್ರೆ ಏನು ಬಂತು? ಅದು ಅಪ್ಪನ ಕಿವಿ."

ಆಗ ನಾನು ಸುಮ್ಮನಿರಬೇಕಿತ್ತು. ಅಣ್ಣ ನನ್ನನ್ನು ಮೆಣಸಿನಕಾಯಿ ಅಂತ ಕರೆಯುವುದು ಸುಮ್ಮನೆ ಅಲ್ಲ. "ಮತ್ತೇನು, ಚಿಕ್ಕ ಮಕ್ಕಳು ಆಡೋ ತುಂಡು ಜೋಡಿಸಿ ಬೀಗ ಮಾಡಿದ್ರೆ ಇನ್ನೇನಾಗುತ್ತೆ? ದೊಡ್ಡ ಎಂಜಿನ್ ಹಿಡಿ. ಗಂಡಸರು ಮಾಡೋ ಕೆಲಸ ಮಾಡು" ಅಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅದನ್ನು ಹೇಳುವಾಗ ನಾನು ಯಾರದೋ ಆಧಾರ್ ಕಾರ್ಡಿಗೆ ಲ್ಯಾಮಿನೇಷನ್ ಹಾಕುತ್ತಿದ್ದೆ, ತಲೆ ಎತ್ತಿ ಅವನ ಮುಖವನ್ನೂ ನೋಡಿರಲಿಲ್ಲ.

ಎರಡನೆಯ ಎಂಜಿನ್ನು ದೊಡ್ಡವರು ಬಳಸುವಂಥದ್ದು. ಒಂದು ಚುಕ್ಕಿ ಬಿಟ್ಟರೂ ಕೆಂಪಕ್ಷರದಲ್ಲಿ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿತ್ತು. ಅದು ತೆರೆದುಕೊಳ್ಳುವಷ್ಟರಲ್ಲಿ ಮುಖ ತೊಳೆದು ಬರಬಹುದಿತ್ತು, ಲ್ಯಾಪ್‌ಟಾಪಿನ ಫ್ಯಾನು ಏದುಸಿರು ಬಿಡುತ್ತಿತ್ತು. ಅದಕ್ಕೆ ಅತ್ತೆ ಅಂತ ಹೆಸರು. ಅತ್ತೆಯ ಮನಸ್ಸು ಗೆಲ್ಲುವುದಕ್ಕೇ ಅಣ್ಣನಿಗೆ ಹದಿನಾಲ್ಕು ತಿಂಗಳು ಹಿಡಿಯಿತು. ಮೊದಲ ತಿಂಗಳಲ್ಲೇ ಒಂದು ದಿನ ಅವನು ಅಜ್ಜಿಯ ಕಡತಗಳನ್ನು ನೋಡುತ್ತ ಕೂತಿದ್ದ. "ಹಳೇ ಮನೆ ಕೀಲಿ ಜೇಬಲ್ಲಿಟ್ಕೊಂಡು ಹೊಸ ಮನೇಲಿ ಸಂಸಾರ ಆಗಲ್ಲ, ಅಳಿಸು ಅದನ್ನ" ಅಂದೆ. ಅಳಿಸಿದ. ಆಡುವುದಕ್ಕೆ ಮಾತ್ರ ಬರುವ, ಹೊಸ ಬಾಗಿಲು ಸೇರಿಸಲು ಬಾರದ ಒಂದು ಪ್ರತಿ ನನ್ನ ಅಂಗಡಿಯ ಹಳೆಯ ಕಂಪ್ಯೂಟರಿನಲ್ಲಿ ಉಳಿದುಕೊಂಡಿತು, ಅದೂ ಮರೆತುಹೋಗಿದ್ದರಿಂದ.

ಅತ್ತೆಯಲ್ಲಿ ಒಂದು ಬಾಗಿಲು ಮಾಡಿ ದೊಡ್ಡಪ್ಪನ ಮುಂದಿಟ್ಟ. ಅವರು ಮೊಳೆಯಿಂದ ಹೆಡ್‌ಫೋನ್ ತೆಗೆದು ಹಾಕಿಕೊಂಡರು. ಬಾಗಿಲು ತೆಗೆದರು. "ತಡ ಹಾಗೇ ಇದೆ" ಅಂದರು. ಆಮೇಲೆ ಸ್ವಲ್ಪ ಹೊತ್ತು ಕಾದು, "ಒಂದೇನಾ?" ಅಂದರು.

ಮನೆಯಲ್ಲಿ ಅತ್ತಿಗೆಗೆ ರೇಗಿಹೋಯಿತು. "ಹತ್ತು ಮನೆ ನೋಡಿ ಒಂದು ಮನೆ ಹಿಡಿಯೋರನ್ನ ಕಂಡಿದ್ದೀನಿ. ಹೋದ ಕಡೆಯೆಲ್ಲ ಬಾಗಿಲು ನಿಲ್ಸಿ ಗೋಡೆ ಕಟ್ಟದೆ ಬರೋರನ್ನ ಇಲ್ಲೇ ಕಂಡಿದ್ದು" ಅಂದಳು. "ಮಾವ ಆ ಏಳು ಬಾಗಿಲನ್ನೇ ಆಡ್ಕೊಂಡಿರಲಿ ಬಿಡಿ, ಪಾಪ."

"ತಪ್ಪಿರೋದನ್ನ ಅಪ್ಪನ ಕೈಗೆ ಕೊಡ್ಲಾ?" ಅಂದ ಅಣ್ಣ. ಅವನ ಪ್ರಕಾರ ಅದು ಡಬ್ಬಿಗೆ ಎಸೆದ ಕೀಲಿ.

ಮೂರನೆಯದು ಭಾವ. ಪುಕ್ಕಟೆ ಸಿಗುವ ಎಂಜಿನ್ನು, ನಗುನಗುತ್ತ ಒಳಗೆ ಬಂದಿತು, ಬಂದ ಮೇಲೆ ಎಲ್ಲವನ್ನೂ ಅಣ್ಣನ ಕೈಯಲ್ಲೇ ಮಾಡಿಸಿತು. ಸದ್ದು ಎಲ್ಲಿ ಹುಟ್ಟುತ್ತದೆ, ಎಲ್ಲಿ ಸಾಲಾಗಿ ನಿಂತು ಕಾಯುತ್ತದೆ, ಕಿವಿಗೆ ಹೇಗೆ ಬರುತ್ತದೆ ಅನ್ನುವುದನ್ನೆಲ್ಲ ಅಣ್ಣ ಓದಿ ಅರಗಿಸಿಕೊಂಡ. ಎಂಜಿನ್ನಿನ ಹೊಟ್ಟೆಗೇ ಕೈ ಹಾಕಿ ತಡವನ್ನು ಎಳ್ಳಷ್ಟು ಎಳ್ಳಷ್ಟು ಕಡಿಮೆ ಮಾಡಿದ. ಇವನು ಕೀಲಿ ಮಾಡುವವನು ಅಂತ ಹೇಳಿದರೆ ಯಾರೂ ನಂಬುತ್ತಿರಲಿಲ್ಲ, ಅಷ್ಟು ಕಲಿತ. ಅದರಲ್ಲೂ ಒಂದೇ ಬಾಗಿಲು ಮಾಡಿ ಮುಂದಿಟ್ಟ. ದೊಡ್ಡಪ್ಪ ಅದೇ ಹೆಡ್‌ಫೋನಿನಲ್ಲಿ ಕೇಳಿ, "ವಾಸಿ" ಅಂದರು. ಅಣ್ಣನ ಕಣ್ಣು ಅರಳಿತು. "ಆದ್ರೂ... ತಡ" ಅಂದರು. ಆ ಹೊತ್ತಿಗೆ ಅವರ ಮಾತೇ ಬಿಟ್ಟು ಬಿಟ್ಟು ಬರುತ್ತಿತ್ತು. ಬೆರಳು ಗುಂಡಿಯ ಮೇಲೆ ಕೂತರೆ ಏಳಲು ಯೋಚಿಸುತ್ತಿತ್ತು. ಪಿನ್ನುಗಳೆಲ್ಲ ಜಾರಿದವು. ಅವರು ಬಾಗಿಲು ತೆಗೆಯದೆ ಎದ್ದದ್ದು ಅದೇ ಮೊದಲು.

ಆಮೇಲೆ ದೊಡ್ಡಪ್ಪ ಅಂಗಡಿಗೆ ಬರುವುದು ನಿಂತಿತು. ಅತ್ತಿಗೆ ಒಂದು ದಿನ ಮೊಳೆಯ ಮೇಲಿನದನ್ನೆಲ್ಲ ಡಬ್ಬಕ್ಕೆ ತುಂಬಿ ಮನೆಗೆ ಒಯ್ದಳು. ಹೆಡ್‌ಫೋನನ್ನು ಮಾತ್ರ ನನ್ನ ಮೇಜಿನ ಮೇಲಿಟ್ಟಳು. "ನೀನು ತಂದಿದ್ದಲ್ವಾ, ನೀನೇ ಇಟ್ಕೋ. ಮಾವನಿಗೆ ಇನ್ಯಾಕೆ?"

ಬೀಗದ ಅಂಗಡಿಯ ಯಂತ್ರ ಕಿರುಚುತ್ತಿತ್ತು, ನಾನು ಅದನ್ನು ಕಿವಿಗೆ ಹಾಕಿಕೊಂಡು ಟೈಪಿಂಗಿಗೆ ಕೂತೆ. ನನ್ನ ಟೈಪಿಂಗ್ ಪ್ರೋಗ್ರಾಮು ಅಕ್ಷರಕ್ಕೊಂದು ಟಕ್ ಅನ್ನುತ್ತದೆ. ಒಂದು ಅಕ್ಷರ ಒತ್ತಿದೆ. ಬೆರಳು ಎತ್ತಿದೆ. ಆಮೇಲೆ ಟಕ್ ಅಂದಿತು. ಇನ್ನೊಂದು ಒತ್ತಿದೆ. ಎತ್ತಿದೆ. ಟಕ್. ಕೈ ಮುಂದೆ, ಕಿವಿ ಹಿಂದೆ.

ಹೆಡ್‌ಫೋನ್ ತೆಗೆದಿಟ್ಟು ಸ್ಪೀಕರಿನಲ್ಲಿ ಒತ್ತಿದೆ. ಒತ್ತಿದ್ದಕ್ಕೂ ಸದ್ದಿಗೂ ನಡುವೆ ಕೂದಲು ತೂರುವಷ್ಟೂ ಜಾಗವಿರಲಿಲ್ಲ. ತಂತಿಯಿಲ್ಲದೆ ಗಾಳಿಯಲ್ಲಿ ಬರುವ ಸದ್ದಿಗೆ ಆ ಹೆಡ್‌ಫೋನಿನಲ್ಲಿ ಅಷ್ಟು ತಡ. ಮಾತು, ಹಾಡು ಕೇಳುವವರಿಗೆ ಗೊತ್ತೇ ಆಗುವುದಿಲ್ಲ, ಬೀಗ ತೆಗೆಯುವವನಿಗೆ ಗೊತ್ತಾಗುತ್ತದೆ. ಅಜ್ಜಿಯದೂ ತಪ್ಪಿಲ್ಲ, ಅತ್ತೆಯದೂ ಇಲ್ಲ, ಭಾವನದೂ ಇಲ್ಲ. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ್ದೆವು. ಮೂರು ವರ್ಷದಲ್ಲಿ ಒಂದೇ ಒಂದು ಸಲ ಅಣ್ಣನೋ ನಾನೋ ಅದನ್ನು ಕಿವಿಗೆ ಹಾಕಿಕೊಂಡಿದ್ದರೆ ಸಾಕಿತ್ತು. ಆದರೆ ಅದು ಮೇಸ್ತ್ರಿಯ ಮೊಳೆಯ ಮೇಲಿತ್ತು.

ಹನ್ನೊಂದು ದಿನ ನಾನು ಬಾಯಿ ಬಿಡಲಿಲ್ಲ. ರಸ್ತೆಯ ಆಚೆಯಿಂದ ಅಣ್ಣ ಕೈ ಬೀಸಿದರೆ ಕಾಗದ ಎಣಿಸುವವಳ ಹಾಗೆ ತಲೆ ತಗ್ಗಿಸುತ್ತಿದ್ದೆ. ಬೇರೆಯವರಿಗೆ ಖಾರ ಹಚ್ಚುವ ಬಾಯಿಗೆ ತನ್ನ ತಪ್ಪು ಹೇಳಲು ಹನ್ನೊಂದು ದಿನ ಬೇಕಾಯಿತು. ಹನ್ನೆರಡನೆಯ ದಿನ ಹೆಡ್‌ಫೋನ್ ತೆಗೆದುಕೊಂಡು ರಸ್ತೆ ದಾಟಿದೆ. ಅಣ್ಣ ಅದನ್ನು ಹಾಕಿಕೊಂಡು ಒಂದು ಗುಂಡಿ ಒತ್ತಿದ, ಇನ್ನೊಂದು ಒತ್ತಿದ. ಅವನು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಹೆಡ್‌ಫೋನನ್ನು ಮೆಲ್ಲನೆ ತೆಗೆದು ಆ ಖಾಲಿ ಮೊಳೆಗೇ ನೇತುಹಾಕಿದ.

"ಅಜ್ಜಿದು ಎಲ್ಲಾದ್ರೂ ಉಳಿದಿದೆಯಾ?" ಅಂತ ಕೇಳಿದ.

ನನ್ನ ಕಂಪ್ಯೂಟರಿನಲ್ಲಿ ಮರೆತಿದ್ದ ಪ್ರತಿಯನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡು, ಮಧ್ಯಾಹ್ನ ಅಂಗಡಿ ಮುಚ್ಚಿ ಇಬ್ಬರೂ ಅವನ ಮನೆಗೆ ಹೋದೆವು. ದೊಡ್ಡಪ್ಪ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು, ಮಂಡಿಯ ಮೇಲೆ ಟವೆಲು. ಅಣ್ಣ ಮುಂದೆ ಲ್ಯಾಪ್‌ಟಾಪ್ ಇಟ್ಟು, ತಂತಿಯಿರುವ ಸಣ್ಣ ಸ್ಪೀಕರೊಂದನ್ನು ಸಿಕ್ಕಿಸಿದ. ಮೊದಲ ಬಾಗಿಲು ಬಂತು. ಅಪ್ಪನ ಬೆರಳನ್ನು ಅವನೇ ಗುಂಡಿಯ ಮೇಲಿಟ್ಟ. ತಂತಿ ಕೆರೆಯಿತು, ಟಿಕ್ ಅಂದಿತು. ಬೆರಳು ಏಳಲಿಲ್ಲ. ಪಿನ್ನು ಜಾರಿತು.

ದೊಡ್ಡಪ್ಪ ತಲೆ ಎತ್ತಿದರು. "ತಡ... ಇಲ್ಲ" ಅಂದರು. "ಸರಿ ಮಾಡಿದ್ಯಾ?"

"ಹೂಂ ಅಪ್ಪಾ" ಅಂದ ಅಣ್ಣ. ಅವನು ಏನೂ ಸರಿ ಮಾಡಿರಲಿಲ್ಲ. ಇದು ಮೂರು ವರ್ಷದ ಹಿಂದೆ ತೋರಿಸಿದ್ದೇ ಆಟ.

"ನೀನು... ಒತ್ತು. ನಾನು ಹೇಳ್ತೀನಿ."

ಅಣ್ಣ ಒತ್ತಿದ. ಟಿಕ್ ಅಂದಿತು. ದೊಡ್ಡಪ್ಪನ ತುಟಿ ಅಲುಗಿತು, ಗಂಟಲು ಏರಿ ಇಳಿಯಿತು, ಆಮೇಲೆ "ಈಗ" ಅನ್ನುವ ಮಾತು ಹೊರಗೆ ಬಂತು. ಪಿನ್ನು ಆಗಲೇ ಜಾರಿತ್ತು. ಮತ್ತೆ ಒತ್ತಿದ. ಟಿಕ್. ಪಿನ್ನು ಜಾರಿತು. "ಈಗ." ಮೂರನೆಯ ಸಲವೂ ಅಷ್ಟೇ. ಮೂರು ವರ್ಷ ಎಂಜಿನ್ನಿನಲ್ಲಿ ಹುಡುಕಿದ ತಡ ಈಗ ದೊಡ್ಡಪ್ಪನ ಮೈಯೊಳಗೇ ಬಂದು ಕೂತಿತ್ತು. ನಾನು ಕಿಟಕಿಯಿಂದ ಆಚೆ ನೋಡಿದೆ, ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ನಾಲ್ಕನೆಯ ಸಲ ಅಣ್ಣ ಕಾಯಲಿಲ್ಲ. ಟಿಕ್ ಅಂದ ಕೂಡಲೇ ತಾನೇ ಬೆರಳು ಎತ್ತಿದ. ಪಿನ್ನು ಕೂತಿತು. ಎರಡನೆಯದು ಕೂತಿತು. ಐದೂ ಕೂತು ಬಾಗಿಲು ತೆರೆಯಿತು, ಹಾಸಿಗೆಯ ಮೇಲೆ ಬೆಕ್ಕು ಕಂಡಿತು. ದೊಡ್ಡಪ್ಪನಿಗೆ ಗೊತ್ತಾಗಲಿಲ್ಲ ಅಂತ ನಾವಿಬ್ಬರೂ ಅಂದುಕೊಂಡೆವು. ಕಿವಿ ಮೇಸ್ತ್ರಿಗೆ!

"ಅದು ನಾನು... ಹೇಳಿದ್ದಲ್ಲ" ಅಂದರು ದೊಡ್ಡಪ್ಪ. ಕೋಪ ಇರಲಿಲ್ಲ. ಮಗನ ಮುಖವನ್ನು ಹೊಸದಾಗಿ ನೋಡುವವರ ಹಾಗೆ ನೋಡಿದರು. "ನಿನ್ನ ಕಿವಿ ಸರಿಯಾಗೇ... ಇದೆಯಲ್ಲೋ."

ಮೊದಲ ದಿನವೇ ಅಣ್ಣನ ಕಿವಿ ಸರಿಯಾಗಿಯೇ ಕೇಳಿತ್ತು. ಅದನ್ನು ಅವನು ನಂಬಲಿಲ್ಲ, ನಾನು ನಂಬಲು ಬಿಡಲಿಲ್ಲ.

"ತೆಗಿ... ನಾನು ಕೇಳ್ತೀನಿ" ಅಂದು ದೊಡ್ಡಪ್ಪ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ಅಣ್ಣ ಒಂದೊಂದೇ ಬಾಗಿಲು ತೆಗೆಯುತ್ತ ಹೋದ. ಅತ್ತಿಗೆ ಒದ್ದೆ ಕೈ ಸೆರಗಿಗೆ ಒರೆಸುತ್ತ ಬಂದು ಬಾಗಿಲಲ್ಲಿ ನಿಂತಳು. ಎರಡು, ಮೂರು, ನಾಲ್ಕು. ಒಂದೊಂದು ಟಿಕ್‌ಗೂ ದೊಡ್ಡಪ್ಪನ ಗಲ್ಲ ಅಷ್ಟೇ ಅಷ್ಟು ತಗ್ಗುತ್ತಿತ್ತು. ಏಳನೆಯದು ತೆರೆಯಿತು.

ದೊಡ್ಡಪ್ಪ ಕಣ್ಣು ಬಿಟ್ಟು ಪರದೆ ನೋಡಿದರು. ಕೈಯನ್ನು ಟವೆಲಿನ ಮೇಲಿಂದ ಎತ್ತಿ, ಬಹಳ ಹೊತ್ತು ತೆಗೆದುಕೊಂಡು, ಆ ಹಿಂದಿನ ಗೋಡೆಯ ಬಾಗಿಲಿಗೆ ತೋರಿಸಿದರು.

"ಮುಂದಿನ... ಬಾಗಿಲು ಎಲ್ಲಿ?"

"ಮಾಡಿಲ್ಲ ಅಪ್ಪಾ" ಅಂದ ಅಣ್ಣ.